ಗುಡಿಸುವ ಮುನ್ನ ನೋಡಿ

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ವಕೀಲಳಲ್ಲ, ಪೊಲೀಸಳೂ ಅಲ್ಲ. ಆದರೂ ಈ ವಿಷಯವನ್ನೇ ಆರಿಸಿಕೊಂಡೆ. ಊರಿನಲ್ಲಿ ಒಬ್ಬ ಸೊಸೆ ಸತ್ತರೆ ಪೊಲೀಸರಿಗಿಂತ ಮೊದಲು ಓಡಿ ಹೋಗುವವರು ನೀವು. ಮನೆ ಸಾರಿಸುವುದು, ಹೆಣದ ಮೈ ತೊಳೆಯುವುದು, ಸೀರೆ ಬದಲಿಸುವುದು ಎಲ್ಲವೂ ಹೆಂಗಸರ ಕೆಲಸ. ಮರ್ಯಾದೆಗೆಂದು ಮಾಡುವ ಆ ಕೆಲಸದಲ್ಲೇ ಸಾಕ್ಷಿಯೂ ತೊಳೆದುಹೋಗುತ್ತದೆ.

ಫ್ರಾನ್ಸಿನ ಲಿಯಾನ್ ನಗರದಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ಆರಂಭಿಸಿದವರು ಎಡ್ಮಂಡ್ ಲೊಕಾರ್ಡ್. ಒಂದಕ್ಕೊಂದು ತಾಕಿದ್ದು ಗುರುತು ಬಿಡದೆ ಹೋಗದು ಎಂಬುದು ಅವರ ತತ್ತ್ವ. ಅರಿಶಿನದ ಕೈಯಲ್ಲಿ ಬಾಗಿಲು ಮುಟ್ಟಿದರೆ ಬಾಗಿಲಿಗೆ ಅರಿಶಿನ, ಕೈಗೆ ಬಾಗಿಲ ಧೂಳು. ವಿಧಿವಿಜ್ಞಾನ ನಿಂತಿರುವುದು ಇದರ ಮೇಲೆ.

ಮೊದಲು ಬೆಂಕಿಯ ಮಾತು. 1997ರಲ್ಲಿ ಬೆಂಗಳೂರಿನಲ್ಲಿ 1,133 ಹೆಂಗಸರು ಅಸಹಜವಾಗಿ ಸತ್ತರೆಂದು ಪೊಲೀಸ್ ದಾಖಲೆಯಿತ್ತು. ಕೊಲೆಯೆಂದು ಬರೆದದ್ದು 157, ಆತ್ಮಹತ್ಯೆ 546, ಅಪಘಾತ 430. ‘ಸ್ಟವ್ ಸಿಡಿಯಿತು’ ಎಂಬ ಮಾತಿನಲ್ಲೇ ಎಷ್ಟೋ ಕಡತಗಳು ಮುಚ್ಚಿದ್ದನ್ನು ವಿಮೋಚನಾ ಸಂಸ್ಥೆಯ ಹೆಂಗಸರು ಪ್ರಶ್ನಿಸಿದರು. ಸ್ಟವ್ ನಿಜವಾಗಿ ಸಿಡಿದಿದ್ದರೆ ಅದರ ಟ್ಯಾಂಕೇ ಹೇಳುತ್ತದೆ. ಅಡಿಗೆ ಮಾಡುವಾಗ ಸೀರೆಗೆ ಹತ್ತಿದ ಬೆಂಕಿ ಸಾಮಾನ್ಯವಾಗಿ ಮುಂಭಾಗವನ್ನು ಸುಡುತ್ತದೆ. ತಲೆಯ ಮೇಲೆ ಎಣ್ಣೆ ಬಿದ್ದಿದ್ದರೆ ಕೂದಲಲ್ಲಿ ಅದರ ಅಂಶ ಸಿಗಬಹುದು. ಶ್ವಾಸನಾಳದಲ್ಲಿ ಮಸಿಯಿದ್ದರೆ, ರಕ್ತದಲ್ಲಿ ಇಂಗಾಲದ ಮಾನಾಕ್ಸೈಡ್ ಇದ್ದರೆ, ಬೆಂಕಿ ಹತ್ತಿದಾಗ ಅವಳು ಉಸಿರಾಡುತ್ತಿದ್ದಳು ಎಂದರ್ಥ. ಸುಟ್ಟ ಬಟ್ಟೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಬೇಕು. ಸಾಮಾನ್ಯ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಸೀಮೆಎಣ್ಣೆ ಆವಿಯಾಗಿ ಹೋಗುತ್ತದೆ, ಪ್ರಯೋಗಾಲಯಕ್ಕೆ ಏನೂ ಉಳಿಯುವುದಿಲ್ಲ.

ಇನ್ನು ನೀರು. ನಮ್ಮದು ಕಪಿಲೆ, ಕಾವೇರಿಯರ ಸೀಮೆ. ‘ಹೊಳೆಗೆ ಬಿದ್ದಳು’ ಎಂದರೆ ಜನ ನಂಬುತ್ತಾರೆ. ಹೊಳೆಯ ನೀರಿನಲ್ಲಿ ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿಯಿದೆ. ಜೀವ ಇದ್ದಾಗ ಮುಳುಗಿದರೆ ಅದು ರಕ್ತದೊಡನೆ ಹರಿದು ಮೂಳೆಯ ಮಜ್ಜೆಯವರೆಗೂ ಹೋಗಬಹುದು. ಹೋಲಿಸಿ ನೋಡಲು ಅದೇ ಜಾಗದ ನೀರೂ ಬೇಕು. ಇದೊಂದರಿಂದಲೇ ತೀರ್ಮಾನವಾಗದು, ಆದರೆ ಸುಳಿವು ಸಿಗುತ್ತದೆ.

ನೇಣಾದರೆ ಕುತ್ತಿಗೆ ನೋಡುತ್ತಾರೆ. ತಾನೇ ನೇತಾಡಿದರೆ ಗುರುತು ಸಾಮಾನ್ಯವಾಗಿ ಮೇಲಕ್ಕೆ ಓರೆಯಾಗಿರುತ್ತದೆ. ಬೇರೆಯವರು ಬಿಗಿದರೆ ಕೆಳಗೆ, ಅಡ್ಡಲಾಗಿ, ಸುತ್ತಲೂ. ಜೀವವಿದೆ ಎನಿಸಿದರೆ ತಕ್ಷಣ ಇಳಿಸಿ. ಆದರೆ ಗಂಟು ಬಿಚ್ಚದೆ, ಗಂಟಿನಿಂದ ದೂರ ಹಗ್ಗ ಕತ್ತರಿಸಿ.

ವಿಷವಾದರೆ ಜಠರ, ಕರುಳು, ಪಿತ್ತಜನಕಾಂಗ, ಮೂತ್ರಪಿಂಡಗಳ ತುಣುಕುಗಳನ್ನು ಗಟ್ಟಿ ಉಪ್ಪುನೀರಿನಲ್ಲಿಟ್ಟು ಕಳಿಸುತ್ತಾರೆ. ಹೌದು, ಉಪ್ಪಿನಕಾಯಿ ಕೆಡದಂತೆ ಕಾಯುವ ಅದೇ ಉಪ್ಪು! ಫಾರ್ಮಲಿನ್ ಹಾಕಿದರೆ ವಿಷ ಪತ್ತೆಹಚ್ಚುವುದು ಕಷ್ಟ. ವಾಂತಿ, ಲೋಟ, ಕ್ರಿಮಿನಾಶಕದ ಡಬ್ಬಿ ಯಾವುದನ್ನೂ ತೊಳೆಯಬೇಡಿ.

ಇವೆಲ್ಲ ಮೊಹರಾಗಿ ಮೈಸೂರಿನ ಪ್ರಾದೇಶಿಕ ಪ್ರಯೋಗಾಲಯಕ್ಕೋ ಬೆಂಗಳೂರು ಮಡಿವಾಳದ ರಾಜ್ಯ ಪ್ರಯೋಗಾಲಯಕ್ಕೋ ಹೋಗುತ್ತವೆ. ಮೊಹರು ಒಡೆದಿದ್ದರೆ ನ್ಯಾಯಾಲಯದಲ್ಲಿ ಅನುಮಾನದ ಲಾಭ ಆರೋಪಿಗೆ. ಆದ್ದರಿಂದ ಮಹಜರಿಗೆ ಪಂಚರಾಗಿ ಕರೆದರೆ ಹೆದರಬೇಡಿ. ಏನೇನು ತೆಗೆದುಕೊಂಡರು, ಹೇಗೆ ಮುಚ್ಚಿದರು ಎಂಬುದನ್ನು ನೋಡಿ, ಓದಿಸಿ ಕೇಳಿ, ಆಮೇಲೆ ರುಜು ಹಾಕಿ.

ಕಾನೂನು ತಿಳಿದಿರಲಿ. 2024ರ ಜುಲೈ 1ರಿಂದ ವರದಕ್ಷಿಣೆ ಸಾವು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ. ಹಿಂದೆ 304ಬಿ ಆಗಿತ್ತು. ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಮದುವೆಯಾಗಿ ಏಳು ವರ್ಷದೊಳಗೆ ಸೊಸೆ ಅನುಮಾನಾಸ್ಪದವಾಗಿ ಸತ್ತರೆ ತಹಸೀಲ್ದಾರರಂಥ ಮ್ಯಾಜಿಸ್ಟ್ರೇಟರಿಂದ ತನಿಖೆ, ಮರಣೋತ್ತರ ಪರೀಕ್ಷೆ ಕೇಳಿ. ಅವಸರದ ದಹನಕ್ಕೆ ಒಪ್ಪಬೇಡಿ. ಏಳು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರೇ ಸ್ಥಳಕ್ಕೆ ಬರಬೇಕೆಂದು ಹೊಸ ಕಾನೂನು ಹೇಳುತ್ತದೆ; ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಕೊಟ್ಟಿದೆ. ಅವರು ಬರುವವರೆಗೆ ಬಾಗಿಲು ಎಳೆದುಕೊಂಡು ಹೊರಗೆ ಕೂರುವುದು ನಿಮ್ಮ ಕೆಲಸ.

ಕೊನೆಗೆ ಒಂದು ಮಾತು. ಹೇಗೆ ಸತ್ತಳು ಎಂಬುದನ್ನು ಪ್ರಯೋಗಾಲಯ ಹೇಳಬಹುದು; ಯಾರು ಏಕೆ ಹಿಂಸಿಸಿದರು ಎಂಬುದು ಸೂಕ್ಷ್ಮದರ್ಶಕದಲ್ಲಿ ಕಾಣದು. ಸಾವಿಗೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಹಿಂಸೆಯಿತ್ತು ಎಂದು ತೋರಿಸಬೇಕೆನ್ನುತ್ತದೆ ಕಾನೂನು. ಆ ಸಾಕ್ಷಿ ನಿಮ್ಮ ಸಂಘದ ಪುಸ್ತಕದಲ್ಲಿರಬಹುದು. ಗಂಡನ ಗಾಡಿಗೆಂದು ಅವಳು ಎತ್ತಿದ ಸಾಲ, ಕಂತು ತಪ್ಪಿದ ವಾರ, ಮುಖ ಊದಿಸಿಕೊಂಡು ಬಂದ ದಿನ ಎಲ್ಲಕ್ಕೂ ತಾರೀಖಿದೆ. ಅವಳ ಒಪ್ಪಿಗೆ ಕೇಳಿ ನಡಾವಳಿಯಲ್ಲಿ ಬರೆದಿಡಿ. ಅವಳನ್ನು ಅಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಗಾಯ ಬರೆಸಿ. ಕಂದಿದ ಗಾಯ ಬಣ್ಣ ಬದಲಿಸಿ ಮಾಯವಾಗುತ್ತದೆ. 181ಕ್ಕೋ 112ಕ್ಕೋ ಫೋನ್ ಮಾಡಿ. ಬದುಕಿರುವಾಗ ಬರೆಸಿದ ಒಂದು ಗಾಯದ ಚೀಟಿ ಅವಳ ಜೀವವನ್ನೇ ಉಳಿಸಬಹುದು. ಮರಣೋತ್ತರ ವರದಿ ಎಷ್ಟು ನಿಖರವಾಗಿದ್ದರೂ ಆ ಕೆಲಸ ಮಾಡಲಾರದು.