ನಮ್ಮ ಕಟ್ಟಡ, ನಮ್ಮ ಕಮಿಟಿ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವನು. ಕಪ್ಪು ಬಸಿ ತೊಳೆದು, ಮಾಣಿಯಾಗಿ, ಗಲ್ಲಾದ ಹತ್ತಿರ ನಿಂತು, ಆಮೇಲೆ ಸಂಘದ ಕೆಲಸಕ್ಕೆ ಬಿದ್ದವನು. ಪಗಾರ, ಬೋನಸು, ರಜೆ, ಇವುಗಳ ಬಗ್ಗೆ ಈ ವೇದಿಕೆಯಲ್ಲಿ ಬೇಕಾದಷ್ಟು ಮಾತಾಗಿದೆ. ಇಂದು ಮನೆಯ ವಿಷಯ ಹೇಳು ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಊರಿನ ಮನೆಯಲ್ಲ, ಇಲ್ಲಿಯ ಖೋಲಿಯ ವಿಷಯ.

ನಮ್ಮವರು ಹೋಟೆಲಿನ ಅಟ್ಟದಲ್ಲಿ ಮಲಗಿದ ಕಾಲವಿತ್ತು. ಗಿರಣಿಯವರು ಚಾಳಿನ ಒಂದೇ ಖೋಲಿಯಲ್ಲಿ ಪಾಳಿಯ ಪ್ರಕಾರ ಮಲಗಿದ ಕಾಲವಿತ್ತು. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 2012ರಲ್ಲಿ ಮ್ಹಾಡಾದವರು ಗಿರಣಿ ಕಾರ್ಮಿಕರಿಗೆಂದು ಲಾಟರಿ ಎತ್ತಿದಾಗ ಸಿಕ್ಕಿದ್ದು 225 ಚದರ ಅಡಿಯ ಮನೆ. ಉಳಿದವರು ಹೆಂಡತಿಯ ಬಳೆ ಮಾರಿ, ಸಾಲ ಎತ್ತಿ, ಉಪನಗರದಲ್ಲಿ ಒಂದೊಂದು ಖೋಲಿ ಮಾಡಿಕೊಂಡರು. ಬಾಗಿಲಿಗೆ ಹೆಸರಿನ ಹಲಗೆ ಹೊಡೆದ ದಿನ, ಇನ್ನು ನಾವು ಯಜಮಾನರು ಎಂದುಕೊಂಡೆವು. ನಾನೂ ಹಾಗೆಯೇ ಎಂದುಕೊಂಡೆ.

ಆದರೆ ಸೊಸೈಟಿಯಲ್ಲಿ ಯಜಮಾನಿಕೆ ಇರುವುದು ಬಾಗಿಲ ಹಲಗೆಯಲ್ಲಲ್ಲ, ಸಭೆಯಲ್ಲಿ. ನೀರಿನ ಟಾಂಕಿ, ಲಿಫ್ಟು, ಗೋಡೆ, ದುರಸ್ತಿ ನಿಧಿ, ನಾಳೆ ಕಟ್ಟಡ ಒಡೆದು ಹೊಸದು ಕಟ್ಟುವ ಬಿಲ್ಡರು ಯಾರು ಎಂಬುದು, ಎಲ್ಲವೂ ಅಲ್ಲೇ ತೀರ್ಮಾನ. ಈ ಪದ್ಧತಿ ನಮ್ಮವರಿಗೆ ಹೊಸದೂ ಅಲ್ಲ. ಮನೆ ಕಟ್ಟುವ ಸಹಕಾರಿ ಸಂಘ ಬೆಂಗಳೂರಿನಲ್ಲಿ 1909ರಲ್ಲೇ ಆಗಿತ್ತು. ಇದೇ ಮುಂಬಯಿಯ ಗಾಮದೇವಿಯಲ್ಲಿ 1915ರಲ್ಲಿ ಸಾರಸ್ವತರು, ಕೆನರಾ ಜಿಲ್ಲೆಗಳಿಂದ ಬಂದು ನೆಲೆಸಿದವರು, ತಮ್ಮ ಸೊಸೈಟಿ ಕಟ್ಟಿದರು. ಅವರು ಓದಿದವರು, ಸಂಜೆಗೆ ಮನೆ ಸೇರುವ ನೌಕರರು. ನಮ್ಮ ಪಾಡು ಬೇರೆ. ಸಭೆ ನಡೆಯುವ ಹೊತ್ತಿಗೆ ನಾವು ಕಾವಲಿಯ ಮುಂದೆ.

ನಮ್ಮ ಕಟ್ಟಡದಲ್ಲಿ 64 ಮನೆ. ಕಾನೂನಿನಂತೆ ಆಡಳಿತ ಕಮಿಟಿಗೆ 5 ವರ್ಷ ಆಯುಷ್ಯ. ನಮ್ಮಲ್ಲಿ ಏಳು ವರ್ಷವಾದರೂ ಅದೇ ಮುಖಗಳು. ಲೆಕ್ಕ ಕೇಳಿದರೆ, ಆಡಿಟರ ಬಳಿ ಇದೆ. ಲಿಫ್ಟು ಏಕೆ ನಿಂತಿದೆ ಎಂದರೆ, ಹಣವಿಲ್ಲ. ಹಣ ಎಲ್ಲಿ ಹೋಯಿತು ಎಂದರೆ, ಟಾಂಕಿಗೆ. ಆ ಟಾಂಕಿಯ ಕೆಲಸವನ್ನು ಟೆಂಡರಿಲ್ಲದೆ ಪಡೆದವನು ಖಜಾಂಚಿಯ ಷಡ್ಡಕ. ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು; ಆಗುತ್ತಲೂ ಇತ್ತು. ಆದರೆ ಪ್ರತಿ ಸಲವೂ ಭಾನುವಾರ ರಾತ್ರಿ ಎಂಟಕ್ಕೆ. ಭಾನುವಾರ ರಾತ್ರಿ ಎಂಟಕ್ಕೆ ಹೋಟೆಲಿನವನು ಎಲ್ಲಿರುತ್ತಾನೆಂದು ನಿಮಗೆ ನಾನು ಹೇಳಬೇಕೇ!

ನಾಲ್ಕನೆಯ ಮಾಳಿಗೆಯಲ್ಲಿ ಗಿರಣಿಯಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ಲಿಫ್ಟು ನಿಂತ ಮೇಲೆ ಮಗ್ಗದ ಮುಂದೆ ಸವೆದ ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತು ಕುಳಿತು ಹತ್ತುತ್ತಿದ್ದರು. ಒಂದು ರಾತ್ರಿ ನನ್ನನ್ನು ನಿಲ್ಲಿಸಿ, "ನೀನು ಹೋಟೆಲು ಮಾಲೀಕರ ಮುಂದೆ ಕೂಗುತ್ತೀಯಂತೆ, ಇಲ್ಲಿ ಯಾಕೆ ಬಾಯಿಲ್ಲ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಹಿರಿಯರೇ ಮರಾಠಿ ಉಪನಿಯಮದ ಪುಸ್ತಕವನ್ನು ಕನ್ನಡಕ ಏರಿಸಿಕೊಂಡು ಓದಿದರು, ನಾನು ಬರೆದುಕೊಂಡೆ. ಮಹಾರಾಷ್ಟ್ರದ 1960ರ ಸಹಕಾರಿ ಕಾಯಿದೆಯ 76ನೇ ಕಲಮಿನಲ್ಲಿ ಇಷ್ಟಿದೆ: ಸದಸ್ಯರಲ್ಲಿ ಐದನೆಯ ಒಂದು ಪಾಲು ಜನ ಲಿಖಿತವಾಗಿ ಕೇಳಿದರೆ ಒಂದು ತಿಂಗಳೊಳಗೆ ವಿಶೇಷ ಮಹಾಸಭೆ ಕರೆಯಲೇಬೇಕು. 64ಕ್ಕೆ 13 ರುಜು ಸಾಕು. ಇನ್ನೊಂದು ಸಂಗತಿ, ಒಬ್ಬ ಸದಸ್ಯನಿಗೆ ಒಂದೇ ವೋಟು. ದೊಡ್ಡ ಫ್ಲಾಟಿನ ವ್ಯಾಪಾರಿಗೂ ಒಂದು, ಒಂಟಿ ಖೋಲಿಯ ಮಾಣಿಗೂ ಒಂದು. ಕಂಪೆನಿಯಲ್ಲಿ ಷೇರು ಮಾತನಾಡುತ್ತದೆ, ಇಲ್ಲಿ ತಲೆ ಮಾತನಾಡುತ್ತದೆ.

ರುಜು ಮಾಡಿಸಲು ರಾತ್ರಿ ಹನ್ನೆರಡರ ಮೇಲೆ, ಹೋಟೆಲು ಬಾಗಿಲೆಳೆದ ಬಳಿಕ ಓಡಾಡಿದೆವು. 19 ರುಜು ಬಿದ್ದವು. ಎಲ್ಲರಿಗಿಂತ ಕಷ್ಟ ಕೊಟ್ಟವರು ನಮ್ಮವರೇ. ಹಳೆಯ ಕಮಿಟಿಯಲ್ಲಿ ನಮ್ಮ ಜಿಲ್ಲೆಯ ಒಬ್ಬರಿದ್ದರು. "ನಮ್ಮವನನ್ನು ನಾವೇ ಕೆಡವುವುದೇ?" ಎಂದು ಇಬ್ಬರು ಕೊಟ್ಟ ರುಜು ಹಿಂದೆ ತೆಗೆದುಕೊಂಡರು. ಲೆಕ್ಕ ತೋರಿಸಿದ್ದರೆ ಅವರನ್ನು ಹೆಗಲ ಮೇಲೆ ಹೊರುತ್ತಿದ್ದೆವು. ಕಾರ್ಯದರ್ಶಿ ಅರ್ಜಿ ಕೈಗೆ ಮುಟ್ಟಲಿಲ್ಲ. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಒಂದು ಪ್ರತಿಯನ್ನು ವಾರ್ಡಿನ ಉಪನಿಬಂಧಕರ ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡು ಬಂದೆವು. ಆ ಮೊಹರು ಕಂಡ ಮೇಲೆ ನೋಟೀಸು ಹೊರಟಿತು. ಯಾವಾಗ? ಭಾನುವಾರ, ರಾತ್ರಿ ಎಂಟಕ್ಕೆ!

ಇಲ್ಲೊಂದು ಗುಂಡಿಯಿದೆ, ಕಿವಿಗೊಟ್ಟು ಕೇಳಿ. ಸಭೆಗೆ ಕೋರಂ ಬೇಕು, ನಮ್ಮಷ್ಟು ದೊಡ್ಡ ಸೊಸೈಟಿಗೆ 20 ಜನ. ಸಾಮಾನ್ಯ ಸಭೆಯಾದರೆ ಕೋರಂ ಇಲ್ಲದಿದ್ದರೆ ಮುಂದಕ್ಕೆ ಹಾಕುತ್ತಾರೆ. ಸದಸ್ಯರು ಕೇಳಿ ಕರೆಸಿದ ಸಭೆಗೆ ಆ ದಾಕ್ಷಿಣ್ಯವಿಲ್ಲ. ಅರ್ಧ ತಾಸಿನಲ್ಲಿ ಕೋರಂ ಆಗದಿದ್ದರೆ ಸಭೆಯೇ ರದ್ದು. ಅವರು ಕಾದಿದ್ದು ಅದಕ್ಕೇ.

ಎಂಟೂ ಹತ್ತಕ್ಕೆ ನಮ್ಮ ಕಡೆ 14 ತಲೆ. ಎಂಟೂಕಾಲಿಗೆ 16. ಕಮಿಟಿಯವರು ಪಡಸಾಲೆಗೆ ಬಾರದೆ ಗೇಟಿನ ಹತ್ತಿರ ನಿಂತು ಗಡಿಯಾರ ನೋಡುತ್ತಿದ್ದರು. ಆಗ ಮೆಟ್ಟಿಲಿನಿಂದ ಮೂವರು ಹೆಂಗಸರು ಇಳಿದು ಬಂದರು. ಗಂಡಂದಿರು ಕಾವಲಿಯ ಮುಂದೆ, ಆದರೆ ಷೇರು ಪತ್ರದಲ್ಲಿ ಇವರ ಹೆಸರೂ ಜಂಟಿಯಾಗಿ ಇದೆ, ಗಂಡನ ಒಪ್ಪಿಗೆಯ ಚೀಟಿ ಕೈಯಲ್ಲಿದೆ. ಅಲ್ಲಿಗೆ 19. ಎಂಟೂ ಇಪ್ಪತ್ತೇಳಕ್ಕೆ ಒಬ್ಬ ದೋಸೆ ಭಟ್ಟರು ಹಿಟ್ಟಿನ ಕೈಯಲ್ಲೇ ರಿಕ್ಷಾದಿಂದ ಇಳಿದರು. ರುಜು ಪುಸ್ತಕದಲ್ಲಿ ಇಂದಿಗೂ ಆ ಹಿಟ್ಟಿನ ಕಲೆಯಿದೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಲೆಕ್ಕ ತೋರಿಸಬೇಕು, ಚುನಾವಣೆ ನಡೆಸಬೇಕು ಎಂದು ಠರಾವು ಆಯಿತು. 250ರವರೆಗೆ ಸದಸ್ಯರಿರುವ ಸೊಸೈಟಿ ತನ್ನ ಚುನಾವಣೆಯನ್ನು ತಾನೇ ನಡೆಸಿಕೊಳ್ಳಬಹುದು. 11 ಸ್ಥಾನದಲ್ಲಿ ಏಳು ನಮಗೆ ಬಂತು, ನಾಲ್ಕು ಹಳಬರಿಗೇ ಉಳಿಯಿತು. ಅದೂ ಒಳ್ಳೆಯದೇ, ನಮ್ಮ ಮೇಲೆಯೂ ಕಣ್ಣಿಡುವವರು ಬೇಕು. ಚೀಟಿ ಹಿಡಿದು ಬಂದ ಮೂವರಲ್ಲಿ ಒಬ್ಬಾಕೆ ಈಗ ಖಜಾಂಚಿ.

ನಾನು ಆ ಏಳರಲ್ಲಿಲ್ಲ. ನಾಚಿಕೆಯಾದರೂ ಹೇಳಬೇಕು. ಬಿಲ್ಲು ಕೊಟ್ಟು ಮೂರು ತಿಂಗಳಾದರೂ ಹಣ ಕಟ್ಟದವನು ಬಾಕಿದಾರ, ಅವನು ಚುನಾವಣೆಗೆ ನಿಲ್ಲುವಂತಿಲ್ಲ. ಲಿಫ್ಟು ನಡೆಯದೆ ಒಂದು ಕಾಸೂ ಕೊಡುವುದಿಲ್ಲವೆಂದು ನಾನು ಐದು ತಿಂಗಳು ಹಠ ಹಿಡಿದಿದ್ದೆ. ಹಳೆಯ ಕಾರ್ಯದರ್ಶಿ ನಗುತ್ತಾ ನನ್ನ ನಾಮಪತ್ರವನ್ನು ತೋರಿಸಿ, "ಬಾಕಿ" ಎಂದರು. ಊರಿಗೆ ಕಾನೂನು ಹೇಳಿದವನು ತನ್ನ ಬಿಲ್ಲು ನೋಡಿರಲಿಲ್ಲ. ಜಗಳವಿದ್ದರೆ ಹಣ ಕಟ್ಟಿ, ಆಕ್ಷೇಪವೆಂದು ಬರೆದುಕೊಟ್ಟು, ಆಮೇಲೆ ಜಗಳ ಮಾಡಿ.

ಹೊಸ ಕಮಿಟಿ ಬಂದ ಮೂರನೆಯ ತಿಂಗಳು ಲಿಫ್ಟು ನಡೆಯಿತು, ತಿಂಗಳ ಹಣವೂ ಏರಿತು. ಏರಿದ್ದಕ್ಕೆ ಮೊದಲು ಕೂಗಿದವರು ನಮ್ಮ ಕಡೆಗೆ ವೋಟು ಹಾಕಿದವರೇ. ಖಜಾಂಚಿ ತಾಯಿ ಲಿಫ್ಟಿನ ರಸೀದಿಗಳನ್ನು ನೋಟೀಸು ಹಲಗೆಗೆ ಅಂಟಿಸಿದರು. ಕೂಗು ಅರ್ಧ ಇಳಿದಿದೆ, ಪೂರ್ತಿ ಇಳಿದಿಲ್ಲ.

ಮುಂದಿನ ಮಹಾಸಭೆಯ ನೋಟೀಸು 14 ದಿನ ಮೊದಲೇ ಬಿದ್ದಿದೆ. ಗುರುವಾರ, ಮಧ್ಯಾಹ್ನ ಮೂರೂವರೆ. ಊಟದ ಗಿರಾಕಿ ಹೋಗಿ ಸಂಜೆಯ ಚಹಾದ ಗಿರಾಕಿ ಬರುವ ಮುನ್ನ.