ಹಿಮದ ನಾಡಿನ ಬೀಜಪಟ್ಟಿ



ಅಮೆರಿಕದ ಈಶಾನ್ಯ ಅಂಚಿನ ಮೇನ್ ರಾಜ್ಯದಲ್ಲಿ ಜನವರಿ ಎಂದರೆ ತೋಟದ ಬಾಗಿಲು ಮುಚ್ಚಿದ ತಿಂಗಳು. ನೆಲ ಹೆಪ್ಪುಗಟ್ಟಿರುತ್ತದೆ, ಗುದ್ದಲಿ ಇಳಿಯದು. ಮಣ್ಣಿನ ನಂಟಿಲ್ಲದೆ ಇರಲಾರದ ಅಲ್ಲಿನ ತೋಟಗಾರರಿಗೆ ಆಗ ಉಳಿಯುವ ಆಸರೆಗಳು ಎರಡು: ಕಿಟಕಿಯ ಬಳಿಯ ಕುಂಡಗಳು ಮತ್ತು ಅಂಚೆಯಲ್ಲಿ ಬರುವ ಬೀಜದ ಕ್ಯಾಟಲಾಗುಗಳು.

ಆ ಕುಂಡಗಳ ಗಿಡಗಳು ಬಹುಪಾಲು ಉಷ್ಣವಲಯದ ಬೆಟ್ಟಗಳಿಂದ ಬಂದವು. ಆಫ್ರಿಕನ್ ವಯೊಲೆಟ್‌ನ ತವರು ಟಾಂಜಾನಿಯಾ ಮತ್ತು ಕೀನ್ಯಾದ ಬೆಟ್ಟಕಾಡುಗಳ ನೆರಳು. ಡಿಸೆಂಬರಿನಲ್ಲಿ ಅರಳುವ ಕ್ರಿಸ್‌ಮಸ್ ಕಳ್ಳಿ ಬ್ರೆಜಿಲ್ ಕರಾವಳಿಯ ಬೆಟ್ಟಗಳಲ್ಲಿ ಮರದ ಕೊಂಬೆಗಳ ಮೇಲೆ ಬೆಳೆಯುವಂಥದ್ದು. ಲಕ್ಷಾಂತರ ಮನೆಗಳ ಕಿಟಕಿಯಲ್ಲಿ ವಯೊಲೆಟ್ ನಗುತ್ತಿರುವಾಗಲೇ, ಕಾಡು ಕಡಿದಂತೆ ಅದರ ಕಾಡುಬಂಧುಗಳಲ್ಲಿ ಹಲವು ಅಳಿವಿನ ಅಂಚಿಗೆ ಸರಿದಿವೆ. ಕುಂಡದಲ್ಲಿ ಉಳಿಯುವುದು ಮಾರುಕಟ್ಟೆ ಮೆಚ್ಚಿದ ರೂಪ ಮಾತ್ರ. ಬೀಜದ ಕ್ಯಾಟಲಾಗಿನ ಕಥೆಯೂ ಇದಕ್ಕಿಂತ ಬೇರೆಯಲ್ಲ.

ಈ ಕ್ಯಾಟಲಾಗುಗಳಿಗೆ ದೀರ್ಘ ಇತಿಹಾಸವಿದೆ. ಅಟ್ಲೀ ಬರ್ಪಿ ಫಿಲಡೆಲ್ಫಿಯಾದಲ್ಲಿ ತಮ್ಮ ವ್ಯಾಪಾರವನ್ನು ಆರಂಭಿಸಿದ್ದು 1876ರಲ್ಲಿ. 1896ರಿಂದ ಗ್ರಾಮೀಣ ಪ್ರದೇಶಗಳ ಮನೆಬಾಗಿಲಿಗೆ ಅಂಚೆ ಬರತೊಡಗಿದ ಮೇಲೆ, ದೂರದ ಒಂಟಿಮನೆಗೂ ಬಣ್ಣದ ಚಿತ್ರಗಳ ಈ ಪುಸ್ತಕ ತಲುಪಿತು. ಹೊರಗೆ ಹಿಮ ಸುರಿಯುವಾಗ ಒಳಗೆ ಬೆಂಕಿಯ ಬಳಿ ಕುಳಿತು ಟೊಮೆಟೊ, ಬೀನ್ಸ್, ಜೋಳಗಳ ವರ್ಣನೆ ಓದುವುದೇ ಒಂದು ಹಬ್ಬವಾಯಿತು.

ಈ ಓದಿಗೆ ಸಾಹಿತ್ಯದ ಗೌರವ ತಂದುಕೊಟ್ಟವರು ಕ್ಯಾಥರೀನ್ ವೈಟ್. 'ನ್ಯೂಯಾರ್ಕರ್' ಪತ್ರಿಕೆಯ ಕಥಾವಿಭಾಗದ ಸಂಪಾದಕಿಯಾಗಿದ್ದ ಅವರು 1958ರಲ್ಲಿ ಬೀಜದ ಕ್ಯಾಟಲಾಗುಗಳಿಗೆ ವಿಮರ್ಶೆ ಬರೆದರು. ಕಾದಂಬರಿಯನ್ನು ಪರಿಶೀಲಿಸುವ ಶ್ರದ್ಧೆಯಿಂದಲೇ ಕ್ಯಾಟಲಾಗಿನ ಭಾಷೆ, ಶೈಲಿ, ಅಭಿರುಚಿಗಳನ್ನು ಪರಿಶೀಲಿಸಿದರು. ಹೂವನ್ನು ಹಿಗ್ಗಿಸಿ, ಒಂದು ಜಾತಿಯ ಹೂ ಇನ್ನೊಂದರಂತೆ ಕಾಣುವಂತೆ ಮಾಡುವ ತಳಿಗಾರರ ಹಂಬಲವನ್ನು ಅವರು ಒಪ್ಪಲಿಲ್ಲ. ಮೇನ್‌ನಲ್ಲಿ ತಾವೇ ತೋಟ ಮಾಡುತ್ತ ಬರೆದ ಆ ಲೇಖನಗಳನ್ನು, 1977ರಲ್ಲಿ ಅವರು ತೀರಿಕೊಂಡ ಬಳಿಕ, ಪತಿ ಇ. ಬಿ. ವೈಟ್ 1979ರಲ್ಲಿ ಪುಸ್ತಕವಾಗಿ ಹೊರತಂದರು.

ಆದರೆ ಕ್ಯಾಟಲಾಗನ್ನು ಇನ್ನೊಂದು ಬಗೆಯಲ್ಲೂ ಓದಬಹುದು. ಈ ವರ್ಷದ್ದನ್ನು ಕಳೆದ ವರ್ಷದ್ದರ ಪಕ್ಕದಲ್ಲಿಟ್ಟು, ಯಾವ ಹೆಸರು ಕಾಣೆಯಾಗಿದೆ ಎಂದು ಹುಡುಕುವುದು ಆ ಬಗೆ. ಬರ್ಪಿ ಕಂಪನಿಯ 'ಬಿಗ್ ಬಾಯ್' ಎಂಬ ಸಂಕರ ಟೊಮೆಟೊ 1949ರಲ್ಲಿ ಬಂದಿತು. ಇಂಥ ಸಂಕರ ತಳಿಯ ಹಣ್ಣಿನಿಂದ ತೆಗೆದ ಬೀಜ ಬಿತ್ತಿದರೆ ಮುಂದಿನ ಗಿಡಗಳು ತಾಯಿಯಂತೆ ಇರುವುದಿಲ್ಲ, ಆದ್ದರಿಂದ ಪ್ರತಿ ವರ್ಷ ಬೀಜ ಕೊಳ್ಳಲೇಬೇಕು. ವ್ಯಾಪಾರಕ್ಕೆ ಇದು ಲಾಭ. ಕಡಿಮೆ ಮಾರಾಟವಾಗುವ ಹಳೆಯ ತಳಿಗಳು ಸದ್ದಿಲ್ಲದೆ ಪಟ್ಟಿಯಿಂದ ಜಾರಿದವು. ಸಣ್ಣ ಕಂಪನಿಗಳು ದೊಡ್ಡವುಗಳಲ್ಲಿ ಲೀನವಾದಾಗ ಮತ್ತಷ್ಟು ಹೆಸರುಗಳು ಅಳಿಸಿಹೋದವು. ಒಂದು ತಳಿಯನ್ನು ಒಬ್ಬನೇ ವ್ಯಾಪಾರಿ ಮಾರುತ್ತಿದ್ದರೆ, ಅವನು ಕೈಬಿಟ್ಟ ದಿನ ಅದು ಅಂಗಡಿಯಿಂದ ಕಣ್ಮರೆ. ಯಾರ ಮನೆಯಲ್ಲೂ ಅದರ ಬೀಜ ಇಲ್ಲದಿದ್ದರೆ ಭೂಮಿಯಿಂದಲೇ ಕಣ್ಮರೆ.

ಇದಕ್ಕೆ ಉತ್ತರ ಬಂದದ್ದು ಒಂದು ಕುಟುಂಬದ ಬೀಜದಿಂದ. ಡಯಾನ್ ಆಟ್ ವೀಲಿ ಅವರಿಗೆ ಅಯೋವಾದ ತಮ್ಮ ಅಜ್ಜನಿಂದ ಎರಡು ಬಗೆಯ ಬೀಜಗಳು ದೊರೆತವು: ನೇರಳೆ ಹೂವಿನ ಮಾರ್ನಿಂಗ್ ಗ್ಲೋರಿ ಬಳ್ಳಿಯದು ಮತ್ತು ಗುಲಾಬಿ ಬಣ್ಣದ ಟೊಮೆಟೊದ್ದು. ಜರ್ಮನಿಯ ಬವೇರಿಯಾದಿಂದ ವಲಸೆ ಬಂದ ಹಿರಿಯರು ಅವನ್ನು ತಂದಿದ್ದರು. ಅಜ್ಜನ ಕಾಲವಾದರೆ ಬೀಜದ ಕಾಲವೂ ಮುಗಿಯುತ್ತಿತ್ತು. ಈ ಅರಿವಿನಿಂದ ಡಯಾನ್ ಮತ್ತು ಪತಿ ಕೆಂಟ್ ವೀಲಿ 1975ರಲ್ಲಿ ಬೀಜ ಉಳಿಸುವವರ ವಿನಿಮಯ ಕೂಟವೊಂದನ್ನು ಆರಂಭಿಸಿದರು. ಅದೇ ಇಂದಿನ ಸೀಡ್ ಸೇವರ್ಸ್ ಎಕ್ಸ್‌ಚೇಂಜ್. ಯಾರ ಬಳಿ ಯಾವ ಬೀಜವಿದೆ ಎಂಬುದನ್ನು ಸದಸ್ಯರೇ ಬರೆದು ತಿಳಿಸುವ ವಾರ್ಷಿಕ ಪುಸ್ತಕ ಅದರ ಜೀವಾಳವಾಯಿತು. ಇದೂ ಒಂದು ಕ್ಯಾಟಲಾಗೇ. ಆದರೆ ಇಲ್ಲಿ ಹೆಸರು ಸೇರಿಸುವವರು ಬೆಳೆದವರು, ಕೊಳ್ಳುವವರೂ ಬೆಳೆಯುವವರೇ. 1980ರ ದಶಕದಲ್ಲಿ ಈ ಸಂಸ್ಥೆ ಕಂಪನಿಗಳ ಕ್ಯಾಟಲಾಗುಗಳನ್ನೆಲ್ಲ ತಾಳೆ ನೋಡಿ, ಯಾವ ತಳಿ ಎಷ್ಟು ಕಡೆ ದೊರೆಯುತ್ತದೆ ಎಂಬ ದಾಖಲೆಯನ್ನೂ ಪ್ರಕಟಿಸಿತು. ಪಟ್ಟಿಯಿಂದ ಜಾರಲಿರುವ ಬೀಜವನ್ನು ಅಷ್ಟರೊಳಗೆ ಕೊಂಡು ಉಳಿಸಿಕೊಳ್ಳಲು ಅದು ದಾರಿ ತೋರಿತು.

ಮಲೆನಾಡಿನ ಸಭೆಯಲ್ಲಿ ಈ ದೂರದ ಕಥೆಗೇನು ಕೆಲಸ ಎಂದು ತಮಗೆ ಅನ್ನಿಸಬಹುದು. ಇಲ್ಲಿ ಜನರನ್ನು ಮನೆಯೊಳಗೆ ಕೂರಿಸುವುದು ಹಿಮವಲ್ಲ, ಆಷಾಢದ ಮಳೆ. ಇಲ್ಲಿಯ ಬೀಜಪಟ್ಟಿ ಅಚ್ಚಾಗಿಲ್ಲ. ಅದು ಒಲೆಯ ಮೇಲೆ ಹೊಗೆಗೆ ತೂಗುಬಿಟ್ಟ ಕಾಯಿಯಲ್ಲಿದೆ, ಬೂದಿ ಬೆರೆಸಿಟ್ಟ ಕಾಳಿನಲ್ಲಿದೆ, ಸಗಣಿಯೊಡನೆ ಗೋಡೆಗೆ ತಟ್ಟಿದ ಸೌತೆಬೀಜದಲ್ಲಿದೆ. ಎಲ್ಲಕ್ಕಿಂತ ಹೆಚ್ಚಾಗಿ ಅಜ್ಜಿಯ ನೆನಪಿನಲ್ಲಿದೆ. ಯಾವ ಬಳ್ಳಿ ಯಾವ ಮಳೆಗೆ, ಯಾರ ಮನೆಯಿಂದ ಬಂದದ್ದು, ಯಾವ ಅಡುಗೆಗೆ ಒದಗುವುದು ಎಂಬುದು ಅವಳಿಗೆ ಗೊತ್ತು. ಕಂಪನಿಯ ಪಟ್ಟಿಯಿಂದ ಹೆಸರೊಂದು ಜಾರಿದರೆ ಹಳೆಯ ಪ್ರತಿಯಾದರೂ ಸಾಕ್ಷಿಗೆ ಉಳಿಯುತ್ತದೆ. ಅಜ್ಜಿಯೊಡನೆ ಹೋದದ್ದಕ್ಕೆ ಸಾಕ್ಷಿಯೂ ಇಲ್ಲ.

ಭಾರತದ 2001ರ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನಿಗೆ ಬೀಜ ಉಳಿಸುವ, ಬಿತ್ತುವ, ವಿನಿಮಯ ಮಾಡುವ ಹಕ್ಕನ್ನು ಮಾನ್ಯ ಮಾಡಿದೆ. ಆದರೆ ಹಂಚಿಕೊಳ್ಳಲು ಮನೆಯಲ್ಲಿ ಬೀಜವೇ ಇಲ್ಲದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಆದುದರಿಂದ ಮಳೆ ಹಿಡಿದ ಒಂದು ಸಂಜೆ ಮನೆಯ ಮಕ್ಕಳು ನೋಟುಪುಸ್ತಕ ಹಿಡಿದು ಹಿರಿಯರ ಬಳಿ ಕೂರಲಿ. ಪ್ರತಿ ಬೀಜದ ಹೆಸರು, ಅದು ಬಂದ ಮನೆ, ಬಿತ್ತುವ ಕಾಲ, ಉಳಿಸುವ ಕ್ರಮಗಳನ್ನು ಬರೆದುಕೊಳ್ಳಲಿ. ಹಳೆಯ ಬೀಜದ ಹತ್ತು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಎಂದು ಎಣಿಸಲಿ. ಎಂಟು ಮೊಳೆತರೆ ನೆಮ್ಮದಿ, ಮೂರೇ ಮೊಳೆತರೆ ಆ ವರ್ಷವೇ ಅದನ್ನು ಬಿತ್ತಿ ಬೀಜ ಹೊಸದಾಗಿಸಬೇಕು. ಈರುಳ್ಳಿಯ ಬೀಜ ಒಂದೆರಡು ವರ್ಷಕ್ಕೇ ಸತ್ವ ಕಳೆದುಕೊಳ್ಳುತ್ತದೆ, ಟೊಮೆಟೊ ಮತ್ತು ಸೌತೆಯ ಬೀಜ ಒಣಗಿಸಿಟ್ಟರೆ ನಾಲ್ಕೈದು ವರ್ಷ ತಾಳುತ್ತದೆ. ಕೊನೆಗೆ ಪ್ರತಿ ಬೀಜದ ಒಂದು ಹಿಡಿಯನ್ನು ಪಕ್ಕದ ಮನೆಗೆ ಕೊಡಲಿ. ಒಂದೇ ಮನೆಯಲ್ಲಿರುವ ಬೀಜ, ಒಬ್ಬನೇ ವ್ಯಾಪಾರಿಯ ಬಳಿ ಇರುವ ಬೀಜದಷ್ಟೇ ಅಪಾಯದಲ್ಲಿದೆ.