ಒಗರನ್ನು ಹಿಡಿದಿಡುವ ಹಾಲು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಕ್ಕಳಿಗೆ ಚೊಗರು ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕೊಯ್ಲಿನ ಕಾಲದಲ್ಲಿ ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದ ಮೇಲೆ ಉಳಿಯುತ್ತದಲ್ಲ, ಆ ಕೆಂಗಂದು ನೀರು. ಅಂಗಿಗೆ ತಾಗಿದರೆ ಕಲೆ ಹೋಗುವುದಿಲ್ಲ. ನಾಲಿಗೆಗೆ ತಾಗಿದರೆ ನಾಲಿಗೆಯೇ ದೊರಗಾಗುತ್ತದೆ. ಆ ರುಚಿ ಒಗರು. ಹಾಲು ಹಾಕದ ಕಣ್ಣ ಚಾ ಕುಡಿದಾಗ ಬಾಯಿ ಒಣಗಿದಂತಾಗುವುದೂ ಒಗರಿನಿಂದಲೇ.

ಎರಡಕ್ಕೂ ಕಾರಣ ಪಾಲಿಫಿನಾಲ್ ಎಂಬ ದೊಡ್ಡ ಕುಟುಂಬದ ವಸ್ತುಗಳು. ಅದರಲ್ಲಿ ಕ್ಯಾಟೆಚಿನ್ ಎಂಬುದು ಅಡಿಕೆಯಲ್ಲೂ ಇದೆ, ಚಹಾ ಎಲೆಯಲ್ಲೂ ಇದೆ. ಕ್ಯಾಟೆಚಿನ್ ಒಳ್ಳೆಯದೆನ್ನುತ್ತಾರೆಂದು ಅಡಿಕೆ ಅಗಿಯಲು ಹೊರಡಬೇಡಿ. ಬಾಯಿಯ ಕ್ಯಾನ್ಸರ್‌ಗೆ ಅದೊಂದು ಕಾರಣ. ಒಂದು ಒಳ್ಳೆಯ ವಸ್ತು ಇದ್ದ ಮಾತ್ರಕ್ಕೆ ಇಡೀ ಕಾಯಿ ಒಳ್ಳೆಯದಾಗುವುದಿಲ್ಲ. ಕಪ್ಪು ಚಹಾ ಮಾಡುವಾಗ ಎಲೆಯನ್ನು ಹೊಸೆದು ಗಾಳಿಗೆ ಬಿಡುತ್ತಾರೆ. ಆಗ ಕ್ಯಾಟೆಚಿನ್‌ಗಳು ಒಂದಕ್ಕೊಂದು ಕೂಡಿ ಥಿಯಾಫ್ಲಾವಿನ್, ಥಿಯಾರುಬಿಜಿನ್ ಎಂಬ ಕೆಂಪು ವಸ್ತುಗಳಾಗುತ್ತವೆ. ಟೀಯ ಬಣ್ಣ ಅವುಗಳದ್ದೇ.

ಈಗ ಒಂದು ಪ್ರಯೋಗ. ಸಕ್ಕರೆ ಹಾಕದೆ ಗಟ್ಟಿ ಟೀ ಮಾಡಿ ಎರಡು ಲೋಟಕ್ಕೆ ಹಾಕಿಕೊಡಲು ಅಮ್ಮನನ್ನೋ ಅಜ್ಜಿಯನ್ನೋ ಕೇಳಿ. ಒಂದಕ್ಕೆ ಮಾತ್ರ ಹಾಲು. ಉಗುರುಬೆಚ್ಚಗಾದ ಮೇಲೆ ಮೊದಲು ಹಾಲಿಲ್ಲದ್ದನ್ನು ಒಂದು ಗುಟುಕು ಕುಡಿದು ನಾಲಿಗೆಯನ್ನು ಅಂಗುಳಕ್ಕೆ, ಕೆನ್ನೆಯ ಒಳಗಡೆಗೆ ಉಜ್ಜಿ ನೋಡಿ. ಜಾರುತ್ತಿದ್ದ ನಾಲಿಗೆ ಈಗ ತಡೆಯುತ್ತದೆ. ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಲಿನ ಟೀಯನ್ನೂ ಒಂದು ಗುಟುಕು ಕುಡಿಯಿರಿ. ನಾಲಿಗೆ ಮೊದಲಿನಷ್ಟು ತಡೆಯುವುದಿಲ್ಲ.

ಒಗರಿನ ಕಣಗಳಿಗೆ ಪ್ರೋಟೀನ್ ಸಿಕ್ಕರೆ ಬಿಡುವುದಿಲ್ಲ, ಗುಡ್ಡದ ದಾರಿಯಲ್ಲಿ ಉತ್ತರಾಣಿ ಬೀಜ ಲಂಗಕ್ಕೆ, ಪ್ಯಾಂಟಿಗೆ ಅಂಟಿಕೊಂಡ ಹಾಗೆ. ನಮ್ಮ ಎಂಜಲು ಬಾಯನ್ನು ಜಾರುವಂತೆ ಇಡುವುದು ಅದರೊಳಗಿನ ಪ್ರೋಟೀನ್‌ಗಳಿಂದ. ಕಣ್ಣ ಚಾ ಕುಡಿದಾಗ ಒಗರು ಅವಕ್ಕೆ ಅಂಟಿ ಬಾಯಿಯ ಜಾರುಗುಣ ಹೋಗುತ್ತದೆ. ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನ್ ಧಾರಾಳ. ಲೋಟದಲ್ಲೇ ಒಗರು ಕೇಸಿನ್‌ಗೆ ಅಂಟಿಕೊಂಡುಬಿಟ್ಟರೆ ಎಂಜಲಿನ ತಂಟೆಗೆ ಬರುವುದು ಸ್ವಲ್ಪವೇ.

ಇಲ್ಲಿಯವರೆಗೆ ಜಗಳವಿಲ್ಲ. ಜಗಳ ಶುರುವಾಗುವುದು ಹೊಟ್ಟೆಯಲ್ಲಿ. ಹೃದಯಕ್ಕೆ, ರಕ್ತನಾಳಕ್ಕೆ ಚಹಾ ಒಳ್ಳೆಯದು ಎನ್ನುವವರು ಅದರ ಹಿರಿಮೆಯನ್ನು ಕೊಡುವುದು ಈ ಪಾಲಿಫಿನಾಲ್‌ಗಳಿಗೇ. ಅವನ್ನು ಹಾಲು ಕಟ್ಟಿಹಾಕಿದರೆ ಲಾಭವೂ ಹೋಯಿತಲ್ಲ?

ಜರ್ಮನಿಯ ಬರ್ಲಿನ್‌ನಲ್ಲಿ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. 16 ಮಂದಿ ಹೆಂಗಸರಿಗೆ ಒಂದು ಸಲ ಅರ್ಧ ಲೀಟರ್ ಕಪ್ಪು ಚಹಾ, ಇನ್ನೊಂದು ಸಲ ನೂರಕ್ಕೆ ಹತ್ತು ಪಾಲು ಕೆನೆ ತೆಗೆದ ಹಾಲು ಬೆರೆಸಿದ ಚಹಾ, ಮತ್ತೊಂದು ಸಲ ಬರೀ ಬಿಸಿನೀರು ಕೊಟ್ಟರು. ಕುಡಿಯುವ ಮೊದಲೊಮ್ಮೆ, ಎರಡು ಗಂಟೆಯ ಮೇಲೊಮ್ಮೆ ತೋಳಿನ ರಕ್ತನಾಳ ಎಷ್ಟು ಹಿಗ್ಗುತ್ತದೆಂದು ಅಲ್ಟ್ರಾಸೌಂಡ್‌ನಲ್ಲಿ ಅಳೆದರು. ಬರೀ ಚಹಾ ಕುಡಿದಾಗ ನಾಳ ಚೆನ್ನಾಗಿ ಹಿಗ್ಗಿತು. ಹಾಲು ಸೇರಿಸಿದಾಗ ಆ ಗುಣ ಕಾಣಲಿಲ್ಲ.

ಅದಕ್ಕೆ ಮೊದಲೇ, 1998ರಲ್ಲಿ, ನೆದರ್ಲೆಂಡ್ಸ್‌ನ ತಂಡವೊಂದು 12 ಮಂದಿಗೆ ಚಹಾ ಕೊಟ್ಟು ಅವರ ರಕ್ತದಲ್ಲಿ ಕ್ಯಾಟೆಚಿನ್ ಎಷ್ಟಿದೆ ಎಂದು ನೋಡಿತ್ತು. ಹಾಲು ಹಾಕಿದರೂ ಹಾಕದಿದ್ದರೂ ಹೆಚ್ಚುಕಡಿಮೆ ಒಂದೇ ಇತ್ತು. (ಅವರು ಚಹಾ ಮಾರುವ ಕಂಪನಿಯ ವಿಜ್ಞಾನಿಗಳು ಎನ್ನುವುದೂ ನೆನಪಿರಲಿ.) ಹೊಟ್ಟೆ, ಕರುಳಿನ ಜೀರ್ಣರಸಗಳು ಕೇಸಿನ್‌ ಅನ್ನು ತುಂಡರಿಸುವಾಗ ಅದು ಹಿಡಿದಿಟ್ಟದ್ದರಲ್ಲಿ ಒಂದಷ್ಟು ಬಿಡುಗಡೆಯಾಗುತ್ತದೆ.

ಹಾಗಾದರೆ ಸುಳ್ಳು ಹೇಳಿದವರು ಯಾರು? ಯಾರೂ ಅಲ್ಲ. ಒಬ್ಬರು ಅಳೆದದ್ದು ರಕ್ತನಾಳವನ್ನು, ಇನ್ನೊಬ್ಬರು ರಕ್ತದೊಳಗಿನ ವಸ್ತುವನ್ನು. ಅದೂ ಬೆರಳೆಣಿಕೆಯ ಜನರಲ್ಲಿ, ಕೆಲವೇ ಗಂಟೆ. ‘ಹಾಲು ಹಾಕಿದರೆ ಟೀ ವಿಷ’ ಎಂದು ಯಾರಾದರೂ ಮೊಬೈಲಿನಲ್ಲಿ ಕಳಿಸಿದರೆ, ಏನನ್ನು ಅಳೆದರು, ಎಷ್ಟು ಜನರಲ್ಲಿ ಅಳೆದರು ಎಂದು ಕೇಳಿ.

ನನ್ನನ್ನು ಕೇಳಿದರೆ, ದೊಡ್ಡವರ ಲೋಟದಲ್ಲಿ ಯೋಚಿಸಬೇಕಾದದ್ದು ಹಾಲನ್ನಲ್ಲ, ಮೂರು ಚಮಚ ಸಕ್ಕರೆಯನ್ನು. ಇನ್ನೊಂದು ವಿಷಯ: ಊಟದ ಜೊತೆಗೆ ಟೀ ಕುಡಿದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ಈ ಒಗರು ಹಿಡಿದುಕೊಳ್ಳುತ್ತದೆ, ಪೂರ್ತಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆಯಾದರೂ ಇರಲಿ ಎಂದು ಮನೆಯಲ್ಲಿ ಹೇಳಿ.

ಇನ್ನು ನಿಮ್ಮ ಲೋಟದ ಮಾತು. ಟೀಯಲ್ಲಿ ಕೆಫೀನ್ ಇದೆ, ಪ್ರಯೋಗದ ಗುಟುಕು ಬಿಟ್ಟರೆ ಮಕ್ಕಳಿಗೆ ಅದು ಬೇಡ. ಮಳೆಗಾಲದ ಸಂಜೆ ಬಿಸಿಯಾಗಿ ಏನಾದರೂ ಬೇಕೆನಿಸಿದರೆ ನಮ್ಮ ಮಲೆನಾಡಿನ ಕಷಾಯ ಕೇಳಿ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು, ಬೆಲ್ಲ, ಹಾಲು, ಯಾವುದರಲ್ಲೂ ಕೆಫೀನ್ ಇಲ್ಲ.